ಹಿತ್ತಲ ಬೆಳದಿಂಗಳು

"ಅಮ್ಮಾ, ರಜೆಗೆ ಬಂದಾಗ ಹಿತ್ತಲಲ್ಲಿ ಒಂದು ಪಾರ್ಟಿ ಇಡೋಣ" ಎಂದು ಮಗಳು ಬೆಂಗಳೂರಿನಿಂದ ಫೋನು ಮಾಡಿದ್ದು 2024ರ ಮೇ ತಿಂಗಳಲ್ಲಿ. ನನಗೆ ನಗು ಬಂತು. ಹೊಸಪೇಟೆಯ ಮೇ ತಿಂಗಳನ್ನು ಅವಳು ಎರಡೇ ವರ್ಷದಲ್ಲಿ ಮರೆತುಬಿಟ್ಟಿದ್ದಳು. 40 ಡಿಗ್ರಿ ಬಿಸಿಲಿಗೆ ಕಾದ ಹಿತ್ತಲ ಕಲ್ಲುಚಪ್ಪಡಿ ರಾತ್ರಿ ಒಂಬತ್ತಕ್ಕೂ ಕಾಲಿಗೆ ಚುರುಕ್ಕೆನ್ನುತ್ತದೆ. ಕರೆದವರನ್ನು ಅದರ ಮೇಲೆ ಕೂರಿಸಿದರೆ ಅದು ಊಟವಲ್ಲ, ಶಿಕ್ಷೆ.

ಆದರೂ ಅವಳ ಮಾತು ಮನಸ್ಸಿನಲ್ಲಿ ಉಳಿಯಿತು. ಪಾರ್ಟಿ ಎಂಬ ಹೆಸರು ಹೊಸದೇ ಹೊರತು ಸಂಗತಿ ಹಳೆಯದು. ನನ್ನ ತವರು ಕಂಪ್ಲಿಯಲ್ಲಿ ನಾವು ಅದನ್ನು ಬೆಳದಿಂಗಳ ಊಟ ಎನ್ನುತ್ತಿದ್ದೆವು. ಅವ್ವ ದೊಡ್ಡ ಪರಾತದಲ್ಲಿ ಮೊಸರು ಬುತ್ತಿ ಕಲಸಿಕೊಂಡು ಅಂಗಳದ ನಡುವೆ ಕೂಡುತ್ತಿದ್ದಳು. ಸುತ್ತ ಕೈಚಾಚಿ ಕುಳಿತವರಿಗೆಲ್ಲ ಒಂದೊಂದು ತುತ್ತು. ಅಕ್ಕನ ಪಾಲಿನದನ್ನೂ ನಾನೇ ಕಸಿದು ತಿಂದದ್ದುಂಟು.

ಕಾಲ ನೋಡಿ ಕೂಟ ಮಾಡಬೇಕೆಂಬುದು ದೊರೆಗಳಿಗೂ ಗೊತ್ತಿತ್ತು. ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಮಹಾನವಮಿ ದಿಬ್ಬದ ಮುಂದೆ ನಾನು ಅದನ್ನೇ ಹೇಳುತ್ತೇನೆ. 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಪಾಯೆಸ್ ಬೆರಗಾಗಿ ಬರೆದ ಆ ವೈಭವ ನಡೆಯುತ್ತಿದ್ದದ್ದು ಮಳೆಗಾಲ ಹಿಂದೆ ಸರಿಯುವ ಹೊತ್ತಿನಲ್ಲಿ. ಬೈಸಾಖದ ಬಿಸಿಲಿನಲ್ಲಿ ಯಾವ ದೊರೆ ತಾನೇ ಆನೆಗಳನ್ನು ಬಯಲಿಗೆ ತಂದಾನು?

ನಾನು ಮೊದಲು ಗುರುತು ಹಾಕಿದ್ದು ಆಗಸ್ಟ್ 19ರ ನೂಲ ಹುಣ್ಣಿಮೆಗೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಓಡುತ್ತಿದ್ದರೆ ಊರಲ್ಲಿ ಬೇರೆ ಮಾತೇ ಇರಲಿಲ್ಲ. ಕಂಪ್ಲಿಯಲ್ಲಿ ಅಕ್ಕನದು ಭತ್ತದ ಗದ್ದೆ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮುಂದೆ ಮಳೆಯೂ ಬಂದು ಜಲಾಶಯ ತುಂಬಿತು. ಆದರೆ ಆ ಹುಣ್ಣಿಮೆಗೆ ಯಾರಿಗೂ ಊಟದ ಮನಸ್ಸಿರಲಿಲ್ಲ.

ಕಾರ್ತಿಕದಲ್ಲಿ ಮಾಡೋಣವೆಂದರೆ ಸೊಳ್ಳೆ. ಸಂಡೂರಿನಲ್ಲಿ ನೌಕರಿ ಮಾಡುತ್ತಿದ್ದಾಗ ಕಾರ್ತಿಕದ ವನಭೋಜನಕ್ಕೆ ಬೆಟ್ಟದ ಬುಡಕ್ಕೆ ಹೋಗುತ್ತಿದ್ದೆವು. ಅದು ಹಗಲೂಟ, ತೊಂದರೆಯಿಲ್ಲ. ಇಲ್ಲಿ ಕಾಲುವೆ, ಗದ್ದೆ, ಬಾಳೆತೋಟಗಳ ನಡುವೆ ಸಂಜೆಯ ಮೇಲೆ ಕುಳಿತರೆ ನಾವು ಉಣ್ಣುವ ಮೊದಲು ಸೊಳ್ಳೆಗಳು ನಮ್ಮನ್ನು ಉಣ್ಣುತ್ತವೆ.

ಕೊನೆಗೆ ಕ್ಯಾಲೆಂಡರೇ ದಾರಿ ತೋರಿಸಿತು. 2025ರ ಜನವರಿ 13ರಂದು ಬನದ ಹುಣ್ಣಿಮೆಯೂ ಭೋಗಿಯೂ ಒಂದೇ ದಿನ ಬಿದ್ದಿದ್ದವು. ಮರುದಿನ ಸಂಕ್ರಾಂತಿಯ ರಜೆ. ಮಳೆಯ ಭಯವಿಲ್ಲ, ಹಿತವಾದ ಚಳಿ, ಸಂತೆಯ ತುಂಬ ಅವರೆ, ಬದನೆ, ಹಸಿ ಕಡಲೆ. ಅಡುಗೆಯನ್ನೂ ಕಾಲವೇ ಹೇಳಿಕೊಟ್ಟಿತು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಭೋಗಿ ಪಲ್ಯ, ಶೇಂಗಾ ಚಟ್ನಿ, ಕಡೆಗೆ ಮೊಸರು ಬುತ್ತಿ. ರೊಟ್ಟಿಯನ್ನು ಎರಡು ದಿನ ಮುಂಚೆಯೇ ತಟ್ಟಿ ಖಡಕ್ ಮಾಡಿಟ್ಟರೆ ಆ ಹೊತ್ತಿಗೆ ಯಾವ ಹೆಣ್ಣುಮಗಳೂ ಒಲೆ ಮುಂದೆ ನಿಲ್ಲಬೇಕಿಲ್ಲ. ಹಿಂದಿನ ಸಂಜೆ ಹಿತ್ತಲಲ್ಲಿ ನಿಂತು ಮಾವಿನ ಮರದ ನೆರಳು ಎಲ್ಲಿ ಬೀಳುತ್ತದೆಂದು ನೋಡಿದೆ. ಚಂದ್ರ ಮೂಡುವುದು ಪೂರ್ವಕ್ಕೆ. ಮರದ ಪಡುವಣಕ್ಕೆ ಜಮಖಾನ ಹಾಸಿದರೆ ಬೆಳದಿಂಗಳ ಊಟ ಕತ್ತಲ ಊಟವಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಮರೆತಿದ್ದೆ. ಪಕ್ಕದ ಮನೆಯಾಕೆ ಕೇಳಿದರು: "ಭೋಗಿ ದಿನ ಮುತ್ತೈದೆಯರು ಬರ್ತಾರೆ. ಅರಿಶಿನ-ಕುಂಕುಮದ ತಟ್ಟೆ ರೆಡಿ ಮಾಡೀರೇನ್ರಿ ಟೀಚರ್?"

ನನಗೆ ಹಿಂದಿನ ನವರಾತ್ರಿ ನೆನಪಾಯಿತು. ಭಾವ ತೀರಿಕೊಂಡು ಆಗ ವರ್ಷ ಕಳೆದಿತ್ತು. ನಮ್ಮ ಮನೆಯಲ್ಲೇ ತಟ್ಟೆ ಹೊರಬಂದ ಕೂಡಲೇ ಅಕ್ಕ ಎದ್ದು, ಪಾತ್ರೆ ತೊಳೆಯುವ ನೆವ ಹೇಳಿ ಒಳಗೆ ಹೋಗಿದ್ದಳು. ನಾನು ನೋಡಿದೆ, ನೋಡಿಯೂ ಕುಂಕುಮ ಹಚ್ಚುತ್ತ ಹೋದೆ. ಆಮೇಲೆ ಅವಳು ನಮ್ಮ ಮನೆಗೆ ಬಂದಿರಲಿಲ್ಲ.

ಫೋನು ಮಾಡಿದೆ. "ಈ ಸಲ ಬರೀ ಊಟ ಅಕ್ಕಾ. ನೀ ಬರಲೇಬೇಕು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: "ನಿಮ್ಮ ಅತ್ತೆಯವರೂ ಹೊರಗ ಕೂಡ್ತಾರೇನು?"

ಉತ್ತರ ಬಾಯಿಗೆ ಬರಲಿಲ್ಲ. ಮಾವ ತೀರಿಕೊಂಡು ಇಪ್ಪತ್ತು ವರ್ಷ. ಅಂದಿನಿಂದ ಅತ್ತೆ ಪ್ರತಿ ಭೋಗಿಯ ರೊಟ್ಟಿಯನ್ನು ನಡುಮನೆಯಲ್ಲೇ ಉಂಡಿದ್ದಾರೆ. ಹೆಣ್ಣುಮಕ್ಕಳಿಗೆ ಸಮಾನತೆಯ ಪಾಠ ಹೇಳುವ ನಾನು ಆ ತಟ್ಟೆಯನ್ನು ನನ್ನ ಕೈಯಾರೆ ಒಳಗೆ ಕೊಟ್ಟು ಬಂದಿದ್ದೇನೆ. ಅವರಿಗೆ ಗಾಳಿ ಆಗುವುದಿಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಆ ರಾತ್ರಿ ಅತ್ತೆಯನ್ನು ಕೇಳಿದೆ. "ನನ್ನ ಯಾರು ಕರದಾರ ಹೇಳು?" ಎಂದರು. ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಹುಣ್ಣಿಮೆಯ ದಿನ ಕುಂಕುಮದ ಭರಣಿಯನ್ನು ತುಳಸಿಕಟ್ಟೆಯ ಮೇಲಿಟ್ಟೆ. ಬೇಕಾದವರು ತಾವೇ ಹಚ್ಚಿಕೊಳ್ಳಲಿ. ಕೊಡುವುದು, ಬಿಡುವುದು ಎಂಬುದೇ ಬೇಡ. ಶಾಲು ಹೊದ್ದ ಅತ್ತೆಗೆ ಕುರ್ಚಿ ಹಾಕಿ, ಮರುದಿನದ ಎಳ್ಳು-ಬೆಲ್ಲದ ಡಬ್ಬಿಯನ್ನು ಅವರ ಕೈಗೇ ಕೊಟ್ಟೆ. ಅವರು ಹಿಂಜರಿದು ಸುತ್ತ ನೋಡಿದರು. ಮೊದಲು ಕೈಚಾಚಿದವರು ಪಕ್ಕದ ಮನೆಯಾಕೆಯೇ. "ನನಗ ಸ್ವಲ್ಪ ಜಾಸ್ತಿ ಹಾಕ್ರಿ ದೊಡ್ಡಮ್ಮ" ಎಂದರು. ಅವರ ಮೇಲೆ ನಾನು ಮನಸ್ಸಿನಲ್ಲೇ ಹೊರಿಸಿದ್ದ ತಪ್ಪು ಅರ್ಧಕ್ಕರ್ಧ ನನ್ನದೇ ಆಗಿತ್ತು.

ಅಕ್ಕ ಕಂಪ್ಲಿಯಿಂದ ಬುಟ್ಟಿ ತುಂಬ ರೊಟ್ಟಿ ತಂದಿದ್ದಳು. ಪರಾತ ಎಳೆದುಕೊಂಡು ಅವ್ವನ ಹಾಗೆಯೇ ಬುತ್ತಿ ಕಲಸಿದಳು. ಮಗಳ ಕೈಗೆ, ಅತ್ತೆಯ ಕೈಗೆ, ನನ್ನ ಕೈಗೆ ಒಂದೊಂದು ತುತ್ತು. ಈ ಸಲ ನಾನು ಅವಳ ಪಾಲನ್ನು ಕಸಿಯಲಿಲ್ಲ. ಇಬ್ಬನಿ ಇಳಿಯುವ ಮುಂಚೆ ಎಲ್ಲರನ್ನೂ ಎಬ್ಬಿಸಬೇಕೆಂದು ಲೆಕ್ಕ ಹಾಕಿದ್ದೆ. ಅದೊಂದು ಲೆಕ್ಕ ತಪ್ಪಿತು. ಅತ್ತೆ ಏಳಲು ಒಪ್ಪಲಿಲ್ಲ.

2026ರಲ್ಲಿ ಬನದ ಹುಣ್ಣಿಮೆ ಜನವರಿ 3ಕ್ಕೇ ಬಂತು. ನಾನಿನ್ನೂ ಕ್ಯಾಲೆಂಡರು ನೋಡಿರಲಿಲ್ಲ, ಡಿಸೆಂಬರಿನಲ್ಲೇ ಅಕ್ಕನ ಫೋನು: "ಈ ಸಲ ಎಷ್ಟು ರೊಟ್ಟಿ ತಟ್ಟಲಿ?"