ಬ್ರಿಸ್ಬೇನ್ ನದಿ ದಂಡೆಯ ಬಯಲೂಟ

ಬ್ರಿಸ್ಬೇನ್ ನಗರದ ನಡುವೆ ಹಾವಿನಂತೆ ಬಳುಕುತ್ತಾ ಹರಿಯುವ ನದಿಗೂ ಊರಿನದೇ ಹೆಸರು. ಅದರ ದಕ್ಷಿಣ ದಂಡೆಯಲ್ಲಿ ಸೌತ್ ಬ್ಯಾಂಕ್ ಉದ್ಯಾನವಿದೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಮಕ್ಕಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗುವ ನಮ್ಮ ಕಡೆಯ ಹಿರಿಯರು ಸಿಡ್ನಿಯ ಒಪೆರಾ ಹೌಸ್ ಎದುರು ಫೋಟೊ ತೆಗೆಸಿಕೊಂಡು ಬರುತ್ತಾರೆ. ಬ್ರಿಸ್ಬೇನಿಗೆ ಹೋದವರು ಮಾತ್ರ ಈ ಉದ್ಯಾನದಲ್ಲಿ ಒಂದು ಹೊತ್ತು ಅಡುಗೆ ಮಾಡಿ ಉಂಡು ಬರಬೇಕು.

ಹೌದು, ಉದ್ಯಾನದಲ್ಲಿಯೇ ಅಡುಗೆ! ಹುಲ್ಲುಹಾಸಿನ ಬದಿಯಲ್ಲಿ ಅಲ್ಲಲ್ಲಿ ಕಟ್ಟೆ ಕಟ್ಟಿ, ಅದರ ಮೇಲೆ ದೊಡ್ಡ ಸ್ಟೀಲ್ ಕಾವಲಿ ಕೂರಿಸಿದ್ದಾರೆ. ಗುಂಡಿ ಒತ್ತಿದರೆ ವಿದ್ಯುತ್ತಿನಿಂದ ಕಾವಲಿ ಕಾಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಬಾಡಿಗೆ ಇಲ್ಲ, ಮುಂಗಡ ಬುಕಿಂಗ್ ಇಲ್ಲ. ಮೊದಲು ಬಂದವರಿಗೆ ಮೊದಲು. ಬ್ಯಾಂಕಿನ ಕೌಂಟರಿನಲ್ಲಿ ಟೋಕನ್ ಕೊಟ್ಟೇ ಆಯುಷ್ಯ ಕಳೆದ ನಾನು ಕಾವಲುಗಾರ ಎಲ್ಲಿ, ರಿಜಿಸ್ಟರ್ ಎಲ್ಲಿ ಎಂದು ಸುತ್ತ ನೋಡಿದೆ. ಮೊಮ್ಮಗಳು ನಕ್ಕು, "ತಾತಾ, ಇಲ್ಲಿ ಯಾರೂ ಕೇಳಲ್ಲ. ತಿಂದ ಮೇಲೆ ಒರೆಸಿ ಇಡಬೇಕು, ಅಷ್ಟೇ" ಎಂದಳು.

ಈ ಜಾಗಕ್ಕೊಂದು ಕಥೆಯಿದೆ. 1988ರ ಏಪ್ರಿಲ್ 30ರಿಂದ ಅಕ್ಟೋಬರ್ 30ರವರೆಗೆ ಇಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯಿತು. ಅದು ಮುಗಿದ ಮೇಲೆ ಇಷ್ಟು ಬೆಲೆಬಾಳುವ ನದಿ ದಂಡೆಯನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಇದು ಸಾರ್ವಜನಿಕರಿಗೇ ಉಳಿಯಬೇಕೆಂದು ಜನ ಪಟ್ಟು ಹಿಡಿದರು. 1992ರಲ್ಲಿ ಉದ್ಯಾನ ತೆರೆಯಿತು. ಪ್ರದರ್ಶನಕ್ಕೆಂದು ನೇಪಾಳದಿಂದ ಬಂದ ಕೆತ್ತನೆಯ ಮರದ ಪಗೋಡ ಈಗಲೂ ಇಲ್ಲಿದೆ. ಕೊಂಚ ಮುಂದೆ ಹೋದರೆ ಮರಳು ತಂದು ಹಾಕಿ ಮಾಡಿದ ಕಡಲ ತೀರ! ಊರ ನಡುವೆ ಮಕ್ಕಳು ಅಲ್ಲಿ ಈಜಾಡುತ್ತಾರೆ. ಉದ್ದಕ್ಕೂ ಸುಮಾರು ಒಂದು ಕಿಲೋಮೀಟರ್ ಬಾಗಿದ ಉಕ್ಕಿನ ಕಂಬಗಳ ಸಾಲು, ಅವುಗಳ ಮೇಲೆ ಹಬ್ಬಿದ ಕಾಗದದ ಹೂವಿನ ಚಪ್ಪರ. ಇನ್ನೊಂದು ಕಡೆ ತರಕಾರಿ, ಸೊಪ್ಪಿನ ಸಾರ್ವಜನಿಕ ತೋಟವಿದೆ. ಬೆಳೆದದ್ದನ್ನು ಸ್ವಯಂಸೇವಕರು ಕೊಯ್ದು ಬಂದವರಿಗೆ ಹಂಚುತ್ತಾರೆ.

ನದಿ ಮಾತ್ರ ಯಾವಾಗಲೂ ಇಷ್ಟು ಸಾಧುವಲ್ಲ. 1974, 2011, 2022 — ಮೂರು ದೊಡ್ಡ ಪ್ರವಾಹಗಳನ್ನು ಇಲ್ಲಿನವರು ನೆನೆಯುತ್ತಾರೆ. 2022ರ ಫೆಬ್ರವರಿ ಕೊನೆಯಲ್ಲಿ ನೀರು ಏರಿದಾಗ ನನ್ನ ಮಗಳ ಮನೆಯ ಬೀದಿಗೂ ಬಂತು. ಮಗಳು, ಅಳಿಯ, ಮಗು ಮೂರು ರಾತ್ರಿ ಕಳೆದದ್ದು ದಿಣ್ಣೆಯ ಮೇಲಿನ ಮನೆಯ ಒಬ್ಬ ಅಜ್ಜಿಯ ಹತ್ತಿರ. ಅದಕ್ಕೆ ಮೊದಲು ಅವರ ಪರಿಚಯ ದೂರದಿಂದ ಕೈ ಬೀಸುವಷ್ಟೇ. ಕರೆಂಟಿಲ್ಲದ ಮನೆಯಲ್ಲಿ ಮೇಣದಬತ್ತಿ ಹಚ್ಚಿ, ಡಬ್ಬಿಯ ಸೂಪು ಬಿಸಿ ಮಾಡಿ ಕೊಟ್ಟರಂತೆ. ಅಂದಿನಿಂದ ನಮ್ಮ ಮೊಮ್ಮಗಳಿಗೆ ಇಬ್ಬರು ಅಜ್ಜಿಯರು.

ಈ ಸಲ ನಾವು ಹೋದಾಗ ಆ ತಾಯಿ ಮನೆ ಮಾರಿ, ನೂರಾರು ಕಿಲೋಮೀಟರ್ ದೂರದ ಹಿರಿಯರ ವಸತಿಗೆ ಹೊರಟಿದ್ದರು. ಏನು ಕೊಟ್ಟರೂ ಬೇಡ ಎನ್ನುವವರು. "ಹಾಗಾದರೆ ಒಂದು ಊಟ ಹಾಕೋಣ ಅಪ್ಪ, ಅವರಿಗಿಷ್ಟವಾದ ನದಿ ದಂಡೆಯಲ್ಲೇ" ಎಂದಳು ಮಗಳು. ನನ್ನ ಶ್ರೀಮತಿಗೆ ನಾಟಿ ಕೋಳಿ ಸಾರು ಮಾಡುವ ಆಸೆ. ಆದರೆ ಅಜ್ಜಿಗೆ ಖಾರ ಸೇರದು, ಗಟ್ಟಿ ತುಂಡು ಅಗಿಯಲು ಹಲ್ಲಿಲ್ಲ. ಕೊನೆಗೆ ಪಾಲಕ್ ಸೊಪ್ಪು ಮತ್ತು ಕೆನೆ ಹಾಕಿದ ಮೆತ್ತನೆಯ ಕೋಳಿ ಎಂದಾಯಿತು.

ಅಕ್ಟೋಬರಿನ ಶನಿವಾರ. ಅಲ್ಲಿ ಅದು ವಸಂತ ಕಾಲ. ಬೆಂಗಳೂರಿನಲ್ಲಿ ಬೇಸಿಗೆಯ ಹೊಸ್ತಿಲಲ್ಲಿ ಅರಳುವ ಜಕರಂಡ ಅಲ್ಲಿ ಅಕ್ಟೋಬರಿನಲ್ಲಿ ನೇರಳೆ ಬಣ್ಣ ಸುರಿಸುತ್ತದೆ. ಸಂಜೆ ಆರರ ಹೊತ್ತಿಗೆ ಕತ್ತಲಾಗುವುದರಿಂದ ನಾಲ್ಕಕ್ಕೇ ಹೋಗಿ ಒಂದು ಕಾವಲಿ ಹಿಡಿದೆವು. ಮಗಳ ಸ್ನೇಹಿತರಲ್ಲಿ ಸಸ್ಯಾಹಾರಿಗಳಿದ್ದರು. ಆದ್ದರಿಂದ ತೊಳೆದ ಕಾವಲಿಯ ಮೇಲೆ ಮೊದಲು ಅವರ ಪನೀರು, ಅಣಬೆ, ಜೋಳದ ತೆನೆ. ಅವರ ಪಾತ್ರೆ, ಸೌಟು ಬೇರೆ. ಅವರ ತಟ್ಟೆ ತುಂಬಿದ ಮೇಲೆಯೇ ಕೋಳಿಯ ಪೆಟ್ಟಿಗೆ ತೆರೆದದ್ದು.

ಈ ಕಾವಲಿಯ ಕಾವು ನಿಧಾನ. ದೋಸೆಗಾದರೆ ಸಾಲದು. ಆದರೆ ಕೆನೆಗೆ ಬೇಕಾದದ್ದೇ ಈ ನಿಧಾನ! ಉರಿ ಜೋರಾಗಿ ಕುದಿ ಬಂದರೆ ಕೆನೆ ಒಡೆದು ನೀರು ಬೇರೆ, ಜಿಡ್ಡು ಬೇರೆ ಆಗುತ್ತದೆ. ತಳ ಸಪಾಟಾದ ಅಗಲ ಬಾಣಲೆ ಇಟ್ಟರೆ ಸಾರು ಸಣ್ಣಗೆ ಮಿಡುಕುತ್ತಾ ಗಟ್ಟಿಯಾಗುತ್ತದೆ. ಸೊಪ್ಪಿನ ಚಮತ್ಕಾರ ನೋಡಲು ಮಕ್ಕಳೆಲ್ಲ ಸುತ್ತ ನಿಂತರು. ಬಾಣಲೆ ತುಂಬಿ ಚೆಲ್ಲುವಂತಿದ್ದ ಎಲೆಗಳು ಎರಡೇ ನಿಮಿಷದಲ್ಲಿ ಒಂದು ಹಿಡಿ! ಪಾಲಕ್ ಎಲೆಯ ತೂಕದಲ್ಲಿ ಶೇ 90ಕ್ಕೂ ಹೆಚ್ಚು ನೀರೇ.

ಅಷ್ಟರಲ್ಲಿ ಕರೆಯದ ಅತಿಥಿಯೊಬ್ಬರು ಬಂದರು. ಬಿಳಿ ಮೈ, ಕಪ್ಪು ಬೋಳು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕು. ನಮ್ಮ ರಂಗನತಿಟ್ಟಿನ ಕೆಂಬರಲು ಹಕ್ಕಿಯ ಸೋದರಸಂಬಂಧಿ! ಒಳನಾಡಿನ ಜೌಗು ಬತ್ತಿದಾಗ ಇವು ಊರು ಸೇರಿದುವು. ಕಸದ ಡಬ್ಬಿ ಕೆದಕುವುದರಿಂದ ಅಲ್ಲಿನ ಮಕ್ಕಳು ಇವಕ್ಕೆ "ಬಿನ್ ಚಿಕನ್", ಅಂದರೆ ಕಸದ ಡಬ್ಬಿಯ ಕೋಳಿ ಎಂದು ಹೆಸರಿಟ್ಟಿದ್ದಾರೆ. ಅದು ನೇರ ಮೇಜಿಗೆ ಹಾರಿ ಒಂದು ಬ್ರೆಡ್ ಎತ್ತಿಕೊಂಡು ಹೋಯಿತು.

ಅಜ್ಜಿ ಎರಡು ಸಲ ಬಡಿಸಿಕೊಂಡರು. ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, 1974ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೈ ಮಾಡಿ ತೋರಿಸಿದರು. ಅವರಿಗಾಗ ಇಪ್ಪತ್ತೇಳು ವರ್ಷ. "ಹೊಸ ಊರಿನಲ್ಲಿ ನದಿ ಇಲ್ಲ" ಎಂದರು. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಮೊಮ್ಮಗಳು ಮಾತ್ರ, "ಆದರೆ ಕಾವಲಿ ಇರುತ್ತದಲ್ಲ, ನಾವೇ ಬರುತ್ತೇವೆ" ಎಂದಳು. ಅಜ್ಜಿ ಅವಳ ತಲೆ ಸವರಿದರು.

ಹೊರಡುವ ಮುಂಚೆ ಕಾವಲಿಗೆ ನೀರು ಹಾಕಿ, ಕೆರೆದು, ಕಾಗದದಿಂದ ಒರೆಸಿದೆವು. ಪಕ್ಕದಲ್ಲಿ ಬೇರೊಂದು ಸಂಸಾರ ಪಾತ್ರೆ ಹಿಡಿದು ಕಾಯುತ್ತಿತ್ತು. ನಮ್ಮ ಹಿಂದಿನವರು ನಮಗಾಗಿ ಒರೆಸಿಟ್ಟಿದ್ದರು, ನಾವು ಇವರಿಗಾಗಿ. ಇಡೀ ವ್ಯವಸ್ಥೆ ನಿಂತಿರುವುದು ಇಷ್ಟರ ಮೇಲೆಯೇ. ಇದಕ್ಕೆ ರಿಜಿಸ್ಟರ್ ಬೇಕಾಗಿಲ್ಲ.

ಮನೆಯಲ್ಲೂ ಮಾಡಿ ನೋಡಿ (6 ಜನರಿಗೆ)

ಬೇಕಾಗುವುದು: ಮೂಳೆಯಿಲ್ಲದ ಕೋಳಿ ತೊಡೆ ಮಾಂಸ 1 ಕೆ.ಜಿ., ಎಳೆ ಪಾಲಕ್ 250 ಗ್ರಾಂ, ಕ್ರೀಮ್ 300 ಮಿ.ಲೀ., ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಮೈದಾ 1 ಚಮಚ, ಬೆಣ್ಣೆ, ಎಣ್ಣೆ, ಕಾಳುಮೆಣಸಿನ ಪುಡಿ, ಉಪ್ಪು, ಅರ್ಧ ನಿಂಬೆಹಣ್ಣು.

ವಿಧಾನ: ಕೋಳಿಗೆ ಉಪ್ಪು, ಮೆಣಸಿನ ಪುಡಿ, ಅರ್ಧ ಬೆಳ್ಳುಳ್ಳಿ, ಎಣ್ಣೆ ಸವರಿ ಒಂದು ಗಂಟೆ ತಣ್ಣಗಿಡಿ. ಹೊರಗೆ ಒಯ್ಯುವಾಗ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಒಯ್ಯಿರಿ. ಎರಡೂ ಬದಿ ಕೆಂಪಗೆ ಹುರಿದು ತೆಗೆದಿಡಿ. ಬೆಣ್ಣೆಯಲ್ಲಿ ಈರುಳ್ಳಿ, ಉಳಿದ ಬೆಳ್ಳುಳ್ಳಿ ಬಾಡಿಸಿ, ಮೈದಾ ಹಾಕಿ ಒಂದು ನಿಮಿಷ ಕೈಯಾಡಿಸಿ, ಅರ್ಧ ಲೋಟ ನೀರು, ಆಮೇಲೆ ಕ್ರೀಮ್ ಸೇರಿಸಿ. ಸಣ್ಣ ಉರಿಯಲ್ಲಿ ಕೋಳಿಯನ್ನು ಅದರಲ್ಲೇ ಬೇಯಿಸಿ. ಕೊಯ್ದು ನೋಡಿದರೆ ಒಳಗೆ ಗುಲಾಬಿ ಬಣ್ಣ ಇರಬಾರದು. ಕೊನೆಗೆ ಸೊಪ್ಪು ಹಾಕಿ ಎರಡು ನಿಮಿಷ. ನಿಂಬೆರಸ ಹಿಂಡುವುದು ಇಳಿಸಿದ ಮೇಲೆ, ಇಲ್ಲದಿದ್ದರೆ ಕೆನೆ ಒಡೆದೀತು. ಹಸಿ ಮಾಂಸ ಹಿಡಿದ ಇಕ್ಕಳ, ತಟ್ಟೆಯನ್ನು ಬೆಂದ ಅಡುಗೆಗೆ ಬಳಸಬೇಡಿ. ಹೊರಗಿಟ್ಟ ಊಟವನ್ನು ಎರಡು ಗಂಟೆಯೊಳಗೆ ಮುಗಿಸಿ.