ರೇಡಿಯೋವಿಗೂ ಶ್ರುತಿ ಬೇಕು

ಸಂಗೀತಗಾರನು ವೇದಿಕೆಯೇರಿದೊಡನೆ ಹಾಡತೊಡಗುವುದಿಲ್ಲ. ತಂಬೂರಿಯ ಬಿರಡೆ ತಿರುಗಿಸಿ, ತಂತಿ ಮಿಡಿದು, ಸಭಿಕರ ತಾಳ್ಮೆಯನ್ನು ಸಾಕಷ್ಟು ಪರೀಕ್ಷಿಸಿದ ಮೇಲೆಯೇ ಕಛೇರಿಯ ಆರಂಭ. ಹಾಡುವ ವಾದ್ಯದಂತೆ ಕೇಳುವ ಯಂತ್ರಕ್ಕೂ ಶ್ರುತಿ ಅಗತ್ಯವೆಂಬುದು ನನಗೆ ಮನದಟ್ಟಾದುದು ಹೆಬ್ಬೆರಳ ಗಾತ್ರದ ಒಂದು ರೇಡಿಯೋವಿನಿಂದ.

ಇದಕ್ಕೆ ಮುಳ್ಳೂ ಇಲ್ಲ, ಗುಂಡಿಯೂ ಇಲ್ಲ. ಗಾಳಿಯಲ್ಲಿ ಬಂದುದನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುವುದಷ್ಟೇ ಇದರ ಕೆಲಸ. ಉಳಿದುದು ಸಾಫ್ಟ್‌ವೇರಿನ ಪಾಲು. ಟೆಲಿವಿಷನ್ ನೋಡಲೆಂದು ಮಾಡಿದ ಈ ಅಗ್ಗದ ಸಾಧನವನ್ನು ಹೀಗೆ ಬಳಸಬಹುದೆಂಬ ಸುದ್ದಿ ಹವ್ಯಾಸಿಗಳಲ್ಲಿ ಹರಡಿದುದು 2012ರಲ್ಲಿ. ಬೆಂಗಳೂರಿನ ನಮ್ಮ ಮಾಳಿಗೆಯ ಮೇಲೆ ಯಾವ ಯಾವ ನಿಲಯಗಳು ಕೇಳುತ್ತವೆಂದು ಪಟ್ಟಿ ಮಾಡುವ ಹುಮ್ಮಸ್ಸಿನಲ್ಲಿ ನಾನೂ ಒಂದನ್ನು ಕೊಂಡೆ.

ಇದರ ಹೃದಯದಲ್ಲಿ ಸೆಕೆಂಡಿಗೆ 2 ಕೋಟಿ 88 ಲಕ್ಷ ಬಾರಿ ಮಿಡಿಯುವ ಹರಳೊಂದಿದೆ. ಅದು ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೆ 145 ಮೆಗಾಹರ್ಟ್ಸ್‌ನಲ್ಲಿ 7,250 ಹರ್ಟ್ಸ್ ಅಂತರ ಬೀಳುತ್ತದೆ. ಎಫ್.ಎಂ. ಹಾಡು ಕೇಳುವವನಿಗೆ ಇದು ಗೊತ್ತೂ ಆಗದು. 12,500 ಹರ್ಟ್ಸ್‌ಗೊಂದರಂತೆ ಇರುವ ಕಿರಿದಾದ ಚಾನೆಲುಗಳನ್ನು ಹುಡುಕುವವನಿಗಾದರೋ ಪಕ್ಕದ ಮನೆಯ ಬಾಗಿಲು ತಟ್ಟಿದಂತೆ. ಹರಳು ಬಿಸಿಯಾದಂತೆ ಸ್ವರ ಜಾರುವುದರಿಂದ ಅರ್ಧ ಗಂಟೆ ಕಾದು, ಬಳಿಕ ನಂಬಬಹುದಾದ ಒಂದು ಸ್ವರಕ್ಕೆ ಅದನ್ನು ಹೊಂದಿಸಬೇಕು. ನನಗೆ ದೊರೆತ ತಂಬೂರಿ ಎರಡನೆಯ ತಲೆಮಾರಿನ ಮೊಬೈಲ್ ಗೋಪುರ. ಅದು ಎರಡು ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದೆಂದು ನಿಯಮವಿದೆ.

ಹರಳಿನ ಪಾಠ ಸುಲಭ. ಗೇನ್ ಎಂಬ ವರ್ಧನೆಯದು ಕಠಿಣ. ಪರದೆಯ ಮೇಲೆ ಸೊನ್ನೆಯಿಂದ 49.6 ಡೆಸಿಬೆಲ್‌ವರೆಗೆ ಮೆಟ್ಟಿಲುಗಳಿವೆ. ಹೆಚ್ಚಿಸಿದಷ್ಟೂ ಹೆಚ್ಚು ಕೇಳುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಒಂದು ಹಂತ ದಾಟಿದ ಮೇಲೆ ನಿಲಯದ ದನಿಯೂ ಗದ್ದಲವೂ ಜೊತೆಜೊತೆಯಾಗಿಯೇ ಏರುತ್ತವೆ. ನಮಗೆ ಬೇಕಾದುದು ಎತ್ತರವಲ್ಲ, ಇವೆರಡರ ನಡುವಣ ಅಂತರ. ಅದು ಬೆಳೆಯುವುದು ನಿಂತಲ್ಲಿ ನಮ್ಮ ಕೈಯೂ ನಿಲ್ಲಬೇಕು. ಪರದೆಯ ಡೆಸಿಬೆಲ್ ಕೂಡ ಆಕಾಶದ ಅಳತೆಯಲ್ಲ. ಯಂತ್ರದ ಪಾತ್ರೆ ಎಷ್ಟು ತುಂಬಿತೆಂಬುದರ ಲೆಕ್ಕ ಮಾತ್ರ. ಆ ಪಾತ್ರೆಯಾದರೂ 8 ಬಿಟ್ಟಿನದು, ಎಂದರೆ 256 ಗೆರೆಗಳದು. ಪ್ರಬಲ ನಿಲಯವೊಂದು ಅದನ್ನು ತುಂಬಿ ಚೆಲ್ಲಿಸಿದರೆ ಮಿಕ್ಕವರಿಗೆ ಜಾಗವೆಲ್ಲಿ?

ಬೇಕೆಂದೇ ಒಂದು ಸಂಜೆ ಗೇನನ್ನು ತುದಿಗೇರಿಸಿದೆ. ಆಕಾಶವಾಣಿಯ 101.3 ಮತ್ತು ವಿವಿಧಭಾರತಿಯ 102.9 ಗೋಪುರದಂತೆ ನಿಂತುವು. ಅವುಗಳ ಆಚೀಚೆ, 99.7 ಮತ್ತು 104.5ರಲ್ಲಿ, ಒಂದರ ಹಾಡೂ ಇನ್ನೊಂದರ ಮಾತೂ ಕಲಸಿದ ವಿಚಿತ್ರ ನಿಲಯಗಳು ಹುಟ್ಟಿಕೊಂಡವು. ಲೆಕ್ಕ ಹಾಕಿದರೆ ಗುಟ್ಟು ಬಯಲಾಯಿತು: 101.3ರ ಎರಡರಷ್ಟರಲ್ಲಿ 102.9 ಕಳೆದರೆ 99.7, 102.9ರ ಎರಡರಷ್ಟರಲ್ಲಿ 101.3 ಕಳೆದರೆ 104.5. ಅತಿಯಾಗಿ ದುಡಿಸಿದ ಯಂತ್ರ ತನ್ನೊಳಗೇ ಹಡೆದ ಪಿಶಾಚಿಗಳಿವು. ಗೇನನ್ನು 10 ಡೆಸಿಬೆಲ್ ಇಳಿಸಿದೆ. ನಿಜವಾದ ನಿಲಯಗಳು ಸುಮಾರು ಅಷ್ಟೇ ತಗ್ಗಿದವು. ಪಿಶಾಚಿಗಳು ಅದರ ಹಲವು ಪಟ್ಟು ಕುಸಿದು ಗದ್ದಲದಲ್ಲಿ ಕರಗಿಹೋದುವು.

ನಾನು ಚರಿತ್ರೆಯ ವಿದ್ಯಾರ್ಥಿ. ಬರೆದಿಟ್ಟ ಪಟ್ಟಿಯನ್ನು ಮುಂದಿನವರು ದಾಖಲೆಯೆಂದು ನಂಬುತ್ತಾರೆ. ಇಲ್ಲದ ನಿಲಯವನ್ನು ಅದರಲ್ಲಿ ಸೇರಿಸುವುದೂ ಇಲ್ಲದ ಅರಸನನ್ನು ವಂಶಾವಳಿಗೆ ಸೇರಿಸುವುದೂ ನನ್ನ ಲೆಕ್ಕದಲ್ಲಿ ಒಂದೇ. ಆದುದರಿಂದ ಈಗ ಪ್ರತಿಯೊಂದು ಹೆಸರಿನ ಮುಂದೆ ಗೇನ್ ಎಷ್ಟಿತ್ತು, ಹರಳಿನ ತಿದ್ದುಪಡಿ ಎಷ್ಟು ಎಂದು ಬರೆಯುತ್ತೇನೆ. ಇಳಿಸಿ ಕೇಳಿದಾಗಲೂ ಉಳಿದುದನ್ನೇ ಸೇರಿಸುತ್ತೇನೆ. ಪಟ್ಟಿ ಚಿಕ್ಕದಾಗಿದೆ. ಆದರೆ ಅದರಲ್ಲಿರುವ ನಿಲಯಗಳೆಲ್ಲ ಇವೆ.