ಆಯಿಲ್ ಹಾಕಿದೀಯಾ?

ಮೈಸೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟು,

ಅಪ್ಪನ ಜಾವಾ ಬೈಕ್ ಸ್ಟಾರ್ಟ್ ಆಯಿತು ಕಣೋ!

ಫೋನಿನಲ್ಲಿ ಹೇಳಿದ್ದರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ಹಿತ್ತಲಲ್ಲಿ ಗೋಣಿತಾಟು ಹೊದ್ದು ಮಲಗಿದ್ದ ಗಾಡಿ, ಇವತ್ತು ಬೆಳಿಗ್ಗೆ ಏಳನೇ ಕಿಕ್ಕಿಗೆ ಕೆಮ್ಮಿತು, ಎಂಟನೇದಕ್ಕೆ ಎದ್ದೇಬಿಟ್ಟಿತು. ನೀಲಿ ಹೊಗೆ ಕಾಂಪೌಂಡ್ ದಾಟಿ ಪಕ್ಕದವರ ಪಾರಿಜಾತದ ಗಿಡದವರೆಗೂ ಹೋಯಿತು. ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಸ್ವಲ್ಪ ಹೊತ್ತು ಆ ವಾಸನೆ ಎಳೆದುಕೊಳ್ಳುತ್ತ ಸುಮ್ಮನೆ ನಿಂತಳು. ಆಮೇಲೆ ಕೇಳಿದಳು: ‘ಪೆಟ್ರೋಲಿಗೆ ಆಯಿಲ್ ಹಾಕಿದೀಯಾ?’

ಅಪ್ಪನದೇ ಧಾಟಿ. ನೆನಪಿದೆಯಾ, ಮನೆಯಲ್ಲಿ ಯಾರು ಗಾಡಿ ಮುಟ್ಟಿದರೂ ಮೊದಲ ಪ್ರಶ್ನೆ ಅದೇ. ಲೀಟರಿಗೆ 40 ಎಂ.ಎಲ್. ಕೆಮ್ಮಿನ ಔಷಧಿಯ ಹಳೇ ಶೀಸೆಗೆ ಬ್ಲೇಡಿನಲ್ಲಿ ಗೀಟು ಎಳೆದು ಇಟ್ಟುಕೊಂಡಿದ್ದರು. ಪಿಯುಸಿಯಲ್ಲಿದ್ದಾಗ ನೀನು ಬರೀ ಪೆಟ್ರೋಲ್ ಹಾಕಿಸಿಕೊಂಡು ಹೋಗಿ, ನಂಜನಗೂಡಿನ ರಸ್ತೆಯಲ್ಲಿ ಪಿಸ್ಟನ್ ಜಾಮ್ ಆಗಿ ನಿಂತೆಯಲ್ಲ! ಟೂ ಸ್ಟ್ರೋಕ್ ಇಂಜಿನ್ನಿನ ಒಳಗೆ ಬೇರೆ ಎಣ್ಣೆ ಎಲ್ಲಿರುತ್ತದೆ? ಪೆಟ್ರೋಲಿನ ಜೊತೆಗೆ ಬಂದದ್ದೇ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಜಿಡ್ಡು. ಅಪ್ಪ ಬೈಯಲಿಲ್ಲ, ಮಾರನೇ ದಿನ ಆ ಶೀಸೆಯನ್ನೇ ನಿನ್ನ ಕೈಗೆ ಕೊಟ್ಟರು. ಅದು ಈಗಲೂ ಇದೆ. ಇವತ್ತು ಅಳೆದದ್ದು ಅದರಲ್ಲೇ.

ಗಾಡಿ ಬಿಚ್ಚಿದ್ದು ನಮ್ಮ ಬೀದಿಯ ತುದಿಯ ಗ್ಯಾರೇಜಿನ ಮೇಸ್ತ್ರಿ. ಎರಡು ತಿಂಗಳು ಪ್ರತಿ ಸಂಜೆ ನಾನೂ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು; ಎಡಕ್ಕೊಂದು, ಬಲಕ್ಕೊಂದು. ಒಳಗಿನ ಕೊಳವೆ ಎಳೆದು ನೋಡಿದರೆ ಬೆರಳು ದಪ್ಪ ಕಿಟ್ಟ. ಅಪ್ಪ ವರ್ಷಕ್ಕೊಮ್ಮೆ ಹಿತ್ತಲಲ್ಲಿ ತೆಂಗಿನ ಗರಿ ಒಟ್ಟಿ ಅದನ್ನು ಸುಡುತ್ತಿದ್ದರಲ್ಲ, ಹಾಗೇ ಸುಟ್ಟೆವು. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗುವುದು ನನಗೆ ಇವತ್ತಿಗೂ ಮಾಯಾಜಾಲದ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯ ಮೇಸ್ತ್ರಿ ಹೇಳಿದ ಮೇಲೆ ಗೊತ್ತಾಯಿತು. ಈ ಗಾಡಿಯಲ್ಲಿ ಗೇರಿನ ಕಡ್ಡಿ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕು ಎಂದಿಲ್ಲ. ನಿನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಎಡಗೈಯಿಂದ ನಿನ್ನ ಹೊಟ್ಟೆ ತಬ್ಬಿಕೊಂಡೇ ಅಪ್ಪ ಗೇರ್ ಬದಲಿಸುತ್ತಿದ್ದದ್ದು ಹೇಗೆ ಅಂತ ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ.

ಈಗ ಜಾಹೀರಾತಿನ ಕಥೆ. ಅಟ್ಟದ ಟ್ರಂಕಿನಲ್ಲಿ ಅಪ್ಪನ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಒಳಗೆಲ್ಲ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಗಾಡಿಗಳು! ಗೋಂದು ಒಣಗಿ ಅರ್ಧ ಹಾಳೆಗಳು ಕೈಗೇ ಬಂದವು. ಒಂದು ಪುಟದಲ್ಲಿ ಜಾವಾ ಕಾರ್ಖಾನೆಯದೇ ಆದ ಯೆಜ್ಡಿಯ ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’. ಅದರ ಎದುರು ಪುಟದಲ್ಲಿ ಹೀರೋ ಹೋಂಡಾದ್ದು: ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’. ತುಂಬಿಸು, ಮುಚ್ಚು, ಮರೆತುಬಿಡು. ಅದರ ಕೆಳಗೆ ಅಪ್ಪನ ದುಂಡು ಅಕ್ಷರ: ‘ಮರೆಯುವುದಾದರೆ ಕೊಳ್ಳುವುದೇಕೆ?’

ಓದಿ ನಕ್ಕೆ. ಆಮೇಲೆ ಬಹಳ ಹೊತ್ತು ಆ ಎರಡು ಪುಟಗಳನ್ನೇ ನೋಡುತ್ತ ಕೂತೆ. ಹೋಂಡಾದವರ ಮಾತು ಎಷ್ಟು ಜಾಣತನದ್ದು ನೋಡು. 1985ರಲ್ಲಿ ಬಂದ ಅವರ ಸಿಡಿ 100 ಬೈಕ್ ನಾಲ್ಕು ಸ್ಟ್ರೋಕಿನದು, ಆಯಿಲ್ ಬೆರೆಸುವ ತಾಪತ್ರಯ ಇಲ್ಲ. ಲೀಟರಿಗೆ 80 ಕಿಲೋಮೀಟರ್ ಅಂದರು. ನಮ್ಮದು ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ. ಸಂಬಳ ಎಣಿಸಿ ಬದುಕುವವರು ಆ ಮೂರು ಮಾತಿಗೆ ಮನಸೋತದ್ದರಲ್ಲಿ ತಪ್ಪೇನಿದೆ? ಆದರೂ ನಾನು ಅಪ್ಪನ ಕಡೆಗೇ. ಜಾವಾ ಒಂದು ದಿನವೂ ಮರೆಯಲು ಬಿಡಲಿಲ್ಲ. ಆಯಿಲ್ ಅಳೆ, ಪ್ಲಗ್ ಉಜ್ಜು, ಪಾಯಿಂಟಿಗೆ ಉಪ್ಪುಕಾಗದ ಹಾಕು ಅನ್ನುತ್ತಿತ್ತು. ಅಪ್ಪ ಭಾನುವಾರವೆಲ್ಲ ಅದರ ಪಕ್ಕ ಕೂತಿರುತ್ತಿದ್ದರು, ಅಪ್ಪನ ಪಕ್ಕ ನಾವಿಬ್ಬರು. ನಾವು ಅವರ ಜೊತೆ ಅತಿ ಹೆಚ್ಚು ಮಾತಾಡಿದ್ದು ಅಲ್ಲೇ ಅಲ್ಲವೇನೋ?

ಜಾವಾ ಎಂಬ ಹೆಸರಿಗೂ ಒಂದು ಕಥೆಯಿದೆ. ಜೆಕ್ ದೇಶದ ಯಾನೆಚೆಕ್ ಅನ್ನುವವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದಿಟ್ಟರಂತೆ. ಆ ಹೆಸರು ನಮ್ಮ ಯಾದವಗಿರಿಗೆ ಬಂದದ್ದು 60ರ ದಶಕದ ಶುರುವಿನಲ್ಲಿ. ಇರಾನಿ ಮನೆತನದವರು ಕಟ್ಟಿದ ಐಡಿಯಲ್ ಜಾವಾ ಕಂಪನಿಗೆ ಜಯಚಾಮರಾಜ ಒಡೆಯರ ಬೆಂಬಲವಿತ್ತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಹಾಕಿತು. ನಮ್ಮ ಮೇಸ್ತ್ರಿ ಹುಡುಗನಾಗಿದ್ದಾಗ ಅಲ್ಲೇ ಕೆಲಸಕ್ಕಿದ್ದವರು. ಇಂಜಿನ್ ಶಬ್ದ ಬಂದ ತಕ್ಷಣ ಅವರು ಚಪ್ಪಲಿ ಕಳಚಿಟ್ಟು ಕೈಮುಗಿದರು ಪುಟ್ಟು.

ಕಳೆದ ಸಲ ‘ಯಾರಾದರೂ ಕೇಳಿದರೆ ಕೊಟ್ಟುಬಿಡು ಅಕ್ಕ’ ಅಂದಿದ್ದೆ. ಕೇಳಿದರು, ಒಬ್ಬರಲ್ಲ, ಮೂವರು. ಕೊಡಲ್ಲ ಅಂದೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಊರಿನಲ್ಲಿ ಉಳಿದಿರುವ ಗಾಡಿಗಳೆಲ್ಲ ಹೊರಗೆ ಬರುತ್ತವೆ. ನಾನು ಓಡಿಸುತ್ತೇನೆ, ಅಮ್ಮ ಹಿಂದೆ ಕೂರುತ್ತಾಳಂತೆ. ಸಾರಿ ಗಾರ್ಡ್ ಬೇರೆ ಹಾಕಿಸಿಕೊಂಡಿದ್ದಾಳೆ. ಚಾಮುಂಡಿ ಬೆಟ್ಟ ಹತ್ತಿ ಇಳಿಯೋಣ. ನೀನು ಪುಣೆಯಿಂದ ಶುಕ್ರವಾರವೇ ಹೊರಡು.

ಬರುವಾಗ ಕೀ ತಾ. ಅಪ್ಪ ತೀರಿಹೋದ ವರ್ಷ ನೀನು ಅದನ್ನು ಪರ್ಸಿನಲ್ಲಿ ಹಾಕಿಕೊಂಡು ಹೋದದ್ದನ್ನು ನಾನು ನೋಡಿದ್ದೆ, ಕೇಳಲಿಲ್ಲ ಅಷ್ಟೇ. ಇವತ್ತು ಹೆಡ್‌ಲೈಟಿನ ತೂತಿಗೆ ಒಂದು ಮೊಳೆ ಒತ್ತಿದೆವು. ಜಾವಾಕ್ಕೆ ಅಷ್ಟು ಸಾಕು. ನೀನು ಬರುವವರೆಗೂ ಅದರಲ್ಲೇ ನಡೆಸುತ್ತೇನೆ.

ನಿನ್ನ
ಅಕ್ಕ